ಜಿರಲೆ ಬಿದ್ದ ಫಲ

ಮಗಳು ವನಿತಾಳನ್ನು ನೋಡಲು ಮಾರಿಕುಪ್ಪಂನಿಂದ ಗಂಡಿನವರು ಬರುತ್ತಾರೆಂದು ಅಮ್ಮಾಜಮ್ಮ ಬೆಳಗಿನಿಂದ ಮನೆ ತುಂಬ ಜಿರಲೆ ಔಷಧಿ ಹೊಡೆದಿದ್ದಳು. ಈ ಸಂಬಂಧವೂ ತಪ್ಪಿದರೆ ಗತಿಯೇನೆಂದು ಅವಳಿಗೆ ಭಯ. ಬಂದು ಕೂತ ಗಂಡಿನ ತಾಯಿ ವೆಂಕಟರತ್ನಮ್ಮ, ವನಿತಾ ತಂದುಕೊಟ್ಟ ಕೇಸರಿಬಾತಿನ ತಟ್ಟೆ ಹಿಡಿದದ್ದೇ ತಡ, ಔಷಧಿಯ ಅಮಲೇರಿದ ಜಿರಲೆಯೊಂದು ದೇವರ ಪಟದ ಹಿಂದಿನಿಂದ ಜಾರಿ ಅವರ ಬಲಭುಜದ ಮೇಲೆ ಬಿತ್ತು.

ಅಮ್ಮಾಜಮ್ಮ ಕಂಗೆಟ್ಟು, "ರೀ, ಪಂಚಾಂಗ ತೆಗೀರಿ! ಬಲಭುಜದ ಮೇಲೆ ಬಿದ್ರೆ ಏನು ಫಲ?" ಎಂದಳು.

ಗಂಡ ಕುಪ್ಪುಸ್ವಾಮಿ ಪುಟ ತಿರುವಿದ. "ಹಲ್ಲಿ ಬಿದ್ರೆ ಜಯ ಅಂತ ಐತೆ. ಜಿರಲೇದು ಬರ್ದಿಲ್ಲ ಕಣೇ."

ವೆಂಕಟರತ್ನಮ್ಮ ಭುಜ ಕೊಡವಿಕೊಂಡು ಕೇಸರಿಬಾತು ಬಾಯಿಗಿಟ್ಟರು.

"ಉಡುಕ್ಬೇಡ ಬಿಡಣ್ಣ. ನಮ್ಮನೇಲಿ ದಿನಾ ಬೀಳ್ತವೆ, ಒಂದು ಫಲಾನೂ ಕಾಣ್ಲಿಲ್ಲ. ಪಂಚಾಂಗ ಎಂಗೂ ತೆಗ್ದಿದ್ದೀಯ, ಒಂದೊಳ್ಳೆ ಮುಹೂರ್ತ ನೋಡು."