ಕೊತ್ತತ್ತಿಯ ಹಳದಿ

ನಾಲೆ ನೀರು ಬಂದ ಮೇಲೆ ಕೊತ್ತತ್ತಿಗೆ ಎರಡು ಹೊತ್ತಿನ ಅನ್ನ ಬಂತು. ಅನ್ನದ ಬೆನ್ನಿಗೇ ಸೊಳ್ಳೆ ಬಂತು, ಸೊಳ್ಳೆಯ ಬೆನ್ನಿಗೆ ಚಳಿಜ್ವರ. ಚಿಕ್ಕಬೋರಮ್ಮನ ಗಂಡ ಮೊದಲ ಭತ್ತದ ಬೆಳೆ ಕೊಯ್ದ ವರ್ಷವೇ ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ಹೊದ್ದು ನಡುಗುತ್ತ ನಡುಗುತ್ತ ಸತ್ತ. ಹಾಗಾಗಿ ಯುದ್ಧದ ಕಾಲದಲ್ಲಿ ಕ್ವಿನೈನು ಸಿಗದೆ, ಮಲೇರಿಯಾ ಇನ್‌ಸ್ಪೆಕ್ಟರು ಅದರ ಬದಲಿಗೆ ಹಳದಿ ಮಾತ್ರೆ ತಂದು ಹಂಚಿದಾಗ, ಅದನ್ನು ಪ್ರಸಾದದಂತೆ ಕಣ್ಣಿಗೊತ್ತಿಕೊಂಡು ನುಂಗಿದವಳು ಅವಳೊಬ್ಬಳೇ.

ಒಲ್ಲದ ಮನಸ್ಸಿನಿಂದ ನುಂಗಿದ ಉಳಿದವರ ಮೈಯೂ ಹಳದಿಯಾಗತೊಡಗಿತು. ಜನ ಹೆದರಿ ಮಾತ್ರೆಯನ್ನು ತಿಪ್ಪೆಗೆ ಎಸೆದರು. ಅದು ಬರೀ ಮಾತ್ರೆಯ ಬಣ್ಣ, ಚರ್ಮಕ್ಕಷ್ಟೇ ಹತ್ತುತ್ತದೆ, ಕಣ್ಣಿನ ಬಿಳುಪು ಹಳದಿಯಾದರೆ ಮಾತ್ರ ಬಂದು ಹೇಳಿ ಎಂದು ಇನ್‌ಸ್ಪೆಕ್ಟರು ಚಾವಡಿಯಲ್ಲಿ ನಿಂತು ಸಾರಿದರು. ಚಿಕ್ಕಬೋರಮ್ಮ ಅದರಲ್ಲಿ ಮೊದಲರ್ಧವನ್ನು ಮಾತ್ರ ಕಿವಿಗೆ ಹಾಕಿಕೊಂಡಳು. ಬಾಯಿ ಜೋರಿನ ಹೆಂಗಸು. ಮನೆಮನೆ ಹೊಕ್ಕು, "ಮಕ ಅಳ್ದಿಯಾದ್ರೆ ಏನ್ ಗಂಟೋಯ್ತದೆ? ಸುಡುಗಾಡಿಗೆ ಓಗೋದ್ಕಿಂತ ಅಳ್ದಿಯಾಗಿರೋದೇ ವಾಸಿ ಕಣ್ರೇ" ಎಂದು ಗದರಿಸಿ ನುಂಗಿಸಿದಳು. ಬೀದಿಯಲ್ಲಿ ಜ್ವರ ಇಳಿಯಿತು, ಅವಳ ಮಾತಿಗೆ ಬೆಲೆ ಏರಿತು. ಬೆಲೆ ಏರಿದವರಿಗೆ ತಮ್ಮ ಮಾತು ತಪ್ಪಿರಬಹುದು ಎಂದುಕೊಳ್ಳುವುದು ಬಲು ಕಷ್ಟ.

ಇಂಥ ಹೊತ್ತಿನಲ್ಲಿ ಅವಳ ಒಬ್ಬಳೇ ಮಗಳು ಮಂಗಳಮ್ಮ ಮಳವಳ್ಳಿಯಿಂದ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ತನ್ನ ಗಂಡನನ್ನು ತಿಂದ ಜ್ವರ ಮಗಳನ್ನು ಮುಟ್ಟಬಾರದೆಂದು ತಾಯಿ ತಾನೇ ಅಂಗೈಯಲ್ಲಿ ಮಾತ್ರೆ ಹಿಡಿದು, "ಬಾಯ್ ತಗಿ" ಎನ್ನುವಳು. ಮಗಳು ಕಹಿಗೆ ಮುಖ ಕಿವುಚಿಕೊಂಡು ನುಂಗುವಳು, ಆಮೇಲೆ ಒಂದು ಚೂರು ಬೆಲ್ಲ.

ಕೆಲವು ವಾರ ಕಳೆದ ಮೇಲೆ ಮಂಗಳಮ್ಮನಿಗೆ ಊಟ ಸೇರದಾಯಿತು. ಒಗ್ಗರಣೆ ಸಿಡಿದರೆ ಓಕರಿಕೆ. ಬಸುರಿಗೆ ಇದೆಲ್ಲ ಇದ್ದದ್ದೇ ಎಂದಳು ತಾಯಿ. ಮೈಯೆಲ್ಲ ತುರಿಕೆ. ಹೊಟ್ಟೆ ಬಿರಿಯುವಾಗ ತುರಿಸದೆ ಇದ್ದೀತೆ ಎಂದಳು. ಮೂತ್ರ ಕಾಫಿ ಕಷಾಯದ ಬಣ್ಣಕ್ಕೆ ತಿರುಗಿದಾಗ, ನೀರು ಸಾಲದು ಎಂದು ನಾಲೆಯಿಂದ ಹೊತ್ತು ತಂದ ನೀರನ್ನೇ ಚೊಂಬು ಚೊಂಬು ಕುಡಿಸಿದಳು. ಇನ್ನು ಮೈ ಹಳದಿಯಾಗಿದ್ದು ಮಾತ್ರೆಯಿಂದ, ಮುಖ ಹಳದಿಯಾಗಿದ್ದು ಬಸುರಿ ಹೆಂಗಸಿಗೆ ದಿನಾ ಬಳಿಯುವ ಅರಿಶಿನದಿಂದ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಇಲ್ಲಿ ಕಂಡದ್ದೆಲ್ಲ ನಿಜವಾಗಿಯೂ ಹಳದಿಯಾಗಿತ್ತು, ಕಾಮಾಲೆಯೇ ಕಣ್ಣಿಗೆ ಬೀಳಲಿಲ್ಲ.

ಪಕ್ಕದ ಮನೆಯ ದೇವಿರಮ್ಮನಿಗೆ ಅನುಮಾನ ಬಂತು. "ನಿನ್ ಮಗ್ಳ ಕಣ್ಣ ನೋಡ್ದಾ? ನಂಗ್ಯಾಕೋ ಕಾಮಾಲೆ ಅನ್ನುಸ್ತದೆ. ಮಂಡ್ಯಕ್ಕಾದ್ರೂ ಕರ್ಕೊಂಡೋಗು."

"ನಿನ್ ಮಕಾನೇನು ಬೆಳ್ಳಗದಾ? ನಾನೇ ಮಾತ್ರೆ ನಿಲ್ಸುದ್ರೆ ನಾಳೀಕೆ ಬೀದಿ ಪೂರ್ತಿ ನಿಲ್ಸ್ತದೆ. ಸುಮ್ಕಿರು."

ಕಣ್ಣು ನೋಡಿದ್ದರೆ ಕಾಣುತ್ತಿತ್ತು. ಅವಳು ನೋಡಲಿಲ್ಲ. ಹೆದರಿಕೆಯೋ, ಹಮ್ಮೋ? ಎರಡೂ ಇತ್ತೆಂದೇ ಹೇಳಬೇಕು, ಪಾಪ.

ಒಂದು ಬೆಳಿಗ್ಗೆ ಮಂಗಳಮ್ಮ ತಾಯಿಯನ್ನೇ "ಅತ್ತೆ" ಎಂದು ಕರೆದು, ಒಲೆಯ ಮುಂದೆ ಕೂತಲ್ಲೇ ತೂಕಡಿಸಿ ವಾಲಿದಳು. ಚಿಕ್ಕಬೋರಮ್ಮ ಆಗಲೇ ಊರಿನ ಬಾಬು ಜಾನನ ಜಟಕಾದಲ್ಲಿ ಮಗಳನ್ನು ಮಲಗಿಸಿಕೊಂಡು ಮಂಡ್ಯಕ್ಕೆ ಹೊರಟಳು. ಕುದುರೆಗೆ ಎಂದೂ ಚಾಟಿ ಮುಟ್ಟಿಸದ ಬಾಬು ಜಾನ್ ಅಂದು ದಾರಿಯುದ್ದಕ್ಕೂ ಹೊಡೆದ.

ಡಾಕ್ಟರು ಮಂಗಳಮ್ಮನ ಕಣ್ಣಿನ ರೆಪ್ಪೆ ಎಳೆದು ನೋಡಿದರು. ಬಿಳುಪೆಂಬುದೇ ಇರಲಿಲ್ಲ. ಹೊಟ್ಟೆ ಒತ್ತಿ ನೋಡಿ, ಕೇಳುತ್ತ ಹೋದರು. ಹೆಂಡ ಕುಡಿಯುತ್ತಾಳೆಯೇ? ನಾಟಿ ಔಷಧಿ ಏನಾದರೂ? ಮಾತ್ರೆ? ಕುಡಿಯುವ ನೀರು ಎಲ್ಲಿಯದು? ಎಲ್ಲಕ್ಕೂ ಚಿಕ್ಕಬೋರಮ್ಮ ಇದ್ದದ್ದನ್ನು ಇದ್ದಂತೆ ಹೇಳಿದಳು.

"ಈಲಿ, ಅಂದರೆ ಲಿವರ್, ಕೆಟ್ಟಿದೆ. ಪಿತ್ತ ರಕ್ತಕ್ಕೆ ಇಳಿದು ತಲೆಗೂ ಏರಿದೆ" ಎಂದರು.

"ನಾನ್ ಕೊಟ್ಟ ಮಾತ್ರೆಯಿಂದ್ಲಾ ಸ್ವಾಮಿ?"

"ಹೇಳೋಕಾಗಲ್ಲಮ್ಮ. ಮಾತ್ರೆಯಿಂದ ಹೀಗಾಗೋದು ಅಪರೂಪ, ಆದರೆ ಇಲ್ಲ ಅನ್ನಲಾರೆ. ಕೆಟ್ಟ ನೀರಿಂದ ಬರೋ ಕಾಮಾಲೆ ಇರಬಹುದು, ಅದು ಬಸುರೀರ ಮೇಲೆ ಹೀಗೇ ಎರಗುತ್ತೆ. ಯಾವುದರಿಂದ ಅಂತ ಒಳಗೆ ಹೊಕ್ಕು ನೋಡೋ ದಾರಿ ನಮಗಿನ್ನೂ ಗೊತ್ತಿಲ್ಲ."

"ಮೊದ್ಲೇ ಬಂದಿದ್ರೆ ಉಳೀತಿದ್ಲಾ?"

"ಅದೂ ಗೊತ್ತಿಲ್ಲ. ಆ ಮಾತ್ರೆ ಮಾತ್ರ ಅಂದೇ ನಿಲ್ಲಿಸ್ತಿದ್ದೆ."

ಅವರು ಬೈದಿದ್ದರೆ ಅವಳ ಎದೆ ಹಗುರವಾಗುತ್ತಿತ್ತು. ಮಗಳನ್ನು ಕೊಲ್ಲುತ್ತಿರುವುದು ತಾನೋ, ನಾಲೆಯೋ ಎಂಬ ಒಂದೇ ಮಾತು ಅವಳಿಗೆ ಬೇಕಿತ್ತು. ಅದನ್ನು ಹೇಳುವವರು ಇಡೀ ಮಂಡ್ಯದಲ್ಲಿ ಯಾರೂ ಇರಲಿಲ್ಲ.

ಮರುದಿನ ಮಧ್ಯಾಹ್ನ ಕೂಸು ಸತ್ತೇ ಹುಟ್ಟಿತು. ಮಂಗಳಮ್ಮನಿಗೆ ಅದು ತಿಳಿಯಲೂ ಇಲ್ಲ. ಮಳವಳ್ಳಿಯಿಂದ ಓಡಿಬಂದ ಗಂಡ ಹೆಸರು ಹಿಡಿದು ಕೂಗಿದ, ಅವಳು ಓಗೊಡಲಿಲ್ಲ. ದೀಪ ಹಿಡಿದರೂ ರೆಪ್ಪೆ ಅಲುಗಲಿಲ್ಲ. ತುಟಿಗಳು ಒಣಗಿ ಬಿರುಕು ಬಿಟ್ಟಿದ್ದವು. ಒಂಚೂರು ನೀರು ಸವರಮ್ಮ ಎಂದು ನರ್ಸು ಹೇಳಿದಳು.

ಚಿಕ್ಕಬೋರಮ್ಮ ಲೋಟದಲ್ಲಿ ಬೆರಳು ಅದ್ದಿ, ಕೈಯನ್ನು ಮಗಳ ತುಟಿಯ ಹತ್ತಿರಕ್ಕೆ ತಂದಳು.

ಗಂಡನ ದನಿಗೆ ಏಳದವಳಿಗೆ ಆ ಕೈಯ ಗುರುತು ಮಾತ್ರ ಉಳಿದಿತ್ತು. ಕಹಿ ಬರುತ್ತದೆಂದು ಮುಖ ಕಿವುಚಿದಳು. ಆಮೇಲೆ, ಹೇಳಿಸಿಕೊಳ್ಳದೆಯೇ, ವಿಧೇಯಳಾಗಿ ಬಾಯಿ ತೆರೆದಳು.