ಉಗಿಹಡಗಿನ ಗೋದಾಮು

“ನಿನ್ನ ಕಾಲು ಮುರಿದ ಕಟ್ಟಡಾನೇ ಉಳಿಸ್ಬೇಕು ಅಂತೀಯಲ್ಲ ನೆರೀಸ್, ತಲೆಗೂ ಪೆಟ್ಟು ಬಿದ್ದಿತ್ತಾ ಹೇಗೆ?” ಎಂದು ಎಬೆರ್ತೊ ಹಿಂದಿನ ಬೆಂಚಿನಿಂದ ಕೂಗಿದ. ಶಾಲೆಯ ಅಂಗಳದಲ್ಲಿ ಸೇರಿದ್ದ ಜನ ಗೊಳ್ಳೆಂದು ನಕ್ಕರು. ನೆರೀಸ್ ಊರುಗೋಲನ್ನು ಮೇಜಿಗೆ ಒರಗಿಸಿ, ಕೈಯಲ್ಲಿದ್ದ ನಕ್ಷೆಯನ್ನು ಇನ್ನಷ್ಟು ಅಗಲಕ್ಕೆ ಬಿಡಿಸಿ ಹಿಡಿದಳು.

ಸಾನ್ ಇಲಾರಿಯೊದ ಆ ಗೋದಾಮು ಮಗ್ದಲೇನಾ ನದಿಗೆ ಮುಖ ಮಾಡಿ ನಿಂತು ನೂರು ವರ್ಷ ದಾಟಿತ್ತು. ಉಗಿಹಡಗುಗಳ ಕಾಲ ಮುಗಿದ ಮೇಲೆ ಅದು ಯಾರಿಗೂ ಬೇಡವಾಗಿ, ಗೋಡೆಯ ಬಿರುಕಿನಲ್ಲಿ ಅತ್ತಿಗಿಡ ಎದ್ದಿತ್ತು. ಈಗ ಪುರಸಭೆಯವರು ಅದನ್ನು ಕೆಡವಿ ಮೋಟಾರುದೋಣಿಗಳಿಗೆ ಸಿಮೆಂಟಿನ ಕಟ್ಟೆ ಕಟ್ಟುತ್ತೇವೆ ಅನ್ನುತ್ತಿದ್ದರು. ದೋಣಿ ನಡೆಸುವ ಎಬೆರ್ತೊಗೆ ಬೇಕಾಗಿದ್ದದ್ದೂ ಅದೇ. ಮಳೆಗಾಲದಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ಬಸುರಿಯರನ್ನೂ ಮುದುಕರನ್ನೂ ಎತ್ತಿ ದೋಣಿಗೆ ಹತ್ತಿಸುವವನು ಅವನೇ. ಶಾಲೆಯ ಟೀಚರ್ ನೆರೀಸ್ ಮಾತ್ರ, ಕಟ್ಟಡ ರಿಪೇರಿ ಮಾಡಿ ಕೆಳಗೆ ಮೀನಿನ ಸಂತೆ ಇಡೋಣ, ಮಹಡಿಯನ್ನು ನೆರೆ ಬಂದಾಗಿನ ಆಸರೆಗೆ ಬಿಡೋಣ ಎಂದು ಹಟ ಹಿಡಿದಿದ್ದಳು. ಹಿಂದಿನ ದೊಡ್ಡ ನೆರೆಯಲ್ಲಿ ಅರ್ಧ ಊರು ಅಲ್ಲೇ ಜೀವ ಉಳಿಸಿಕೊಂಡಿತ್ತು.

ಅವಳ ತಾಯಿ ಕಾಸ್ತುಲಾ ಮೂರನೇ ಸಾಲಿನಲ್ಲಿ, ಕೆಡವಬೇಕು ಅನ್ನುವವರ ನಡುವೆ ಕೂತಿದ್ದಳು. ಈ ವಿಷಯಕ್ಕೇ ಒಂದು ವಾರದಿಂದ ಮನೆಯಲ್ಲಿ ತಾಯಿಗೂ ಮಗಳಿಗೂ ಮಾತಿರಲಿಲ್ಲ.

“ಹತ್ತು ವರ್ಷದವಳಿದ್ದಾಗ ಅಮ್ಮ ಬೇಡ ಬೇಡ ಅಂದ್ರೂ ಮಹಡಿ ಹತ್ತಿ ಬಿದ್ದೋಳು ನೀನು,” ಎಬೆರ್ತೊ ಬಿಡಲಿಲ್ಲ. “ಅವತ್ತೂ ಮಾತು ಕೇಳ್ಲಿಲ್ಲ, ಇವತ್ತೂ ಕೇಳಲ್ಲ. ಈಗ ಊರಿನ ಮಕ್ಕಳನ್ನೆಲ್ಲ ಅದ್ರ ಕೆಳಗೆ ನಿಲ್ಲಿಸ್ತೀಯಾ?”

ನೆರೀಸ್ ಒಮ್ಮೆ ತಾಯಿಯ ಕಡೆ ನೋಡಿದಳು. ಆಮೇಲೆ ನಕ್ಷೆಯತ್ತ ಕಣ್ಣು ತಗ್ಗಿಸಿ, “ಬಿದ್ದೋಳು ನಾನೇ, ಮಾವ. ಕೊಳೆತ ಹಲಗೆ ಬದಲಾಯಿಸೋರು ಇರ್ಲಿಲ್ಲ, ಅದಕ್ಕೆ ಬಿದ್ದೆ,” ಅಂದಳು. ಅಷ್ಟೇ.

ಕಾಸ್ತುಲಾ ಎದ್ದು ನಿಂತಳು. ಸಭೆ ನಡೆಸುತ್ತಿದ್ದ ಮಿರ್ತಾ, “ನಿನ್ನ ಸರದಿ ಇನ್ನೂ ಬಂದಿಲ್ಲ ಕಣೇ,” ಅಂದರೂ ಕೂರಲಿಲ್ಲ.

“ಅವಳು ಮಾತು ಕೇಳಿದ್ಲು,” ಅಂದಳು. ಕೈ ಲಂಗದ ಅಂಚನ್ನು ಹಿಂಡುತ್ತಿತ್ತು. “ಗೋದಾಮಿನ ಮಹಡಿ ಮೊಗಸಾಲೇಲಿ ಮೀನು ಒಣಗಾಕಿದ್ದೆ. ಮೋಡ ಕವೀತು. ನಾನು ದಪ್ಪ ಇದೀನಿ, ಹಲಗೆ ತಡೆಯಲ್ಲ, ನೀನು ಹಗುರ ಇದೀಯ, ಓಡು ಅಂದೆ. ‘ಅಮ್ಮಾ, ಅಲುಗಾಡ್ತಿದೆ’ ಅಂದ್ಲು. ಏನೂ ಆಗಲ್ಲ ಹೋಗೇ ಅಂತ ಗದರಿದೆ.”

ಅಂಗಳದಲ್ಲಿ ಬೀಸಣಿಗೆಗಳು ನಿಂತವು.

“ಎಬೆರ್ತೊ, ಅವಳನ್ನ ಆಸ್ಪತ್ರೆಗೆ ಒಯ್ದಿದ್ದು ನಿನ್ನ ದೋಣಿ. ಹೇಗಾಯ್ತು ಅಂತ ನೀನು ಕೇಳ್ದೆ. ಹೇಳಿದ್ ಮಾತು ಕೇಳದೇ ಹತ್ತಿದ್ಲು ಅಂತ ನಾನಂದೆ. ಅವಳು ನನ್ನ ತೊಡೆ ಮೇಲೇ ಮಲಗಿದ್ಲು, ಎಚ್ಚರ ಇತ್ತು. ಹದಿನೈದು ವರ್ಷ ಆಯ್ತು, ಒಬ್ಬರ ಹತ್ರಾನೂ ಬಾಯಿ ಬಿಟ್ಟಿಲ್ಲ ನನ್ನ ಮಗು.”

ಎಬೆರ್ತೊ ಹ್ಯಾಟು ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ.

“ಹಾಗಾದ್ರೆ ಈಗ ನೀನು ಯಾವ ಕಡೆ, ಕಾಸ್ತುಲಾ?” ಮಿರ್ತಾ ಮೆಲ್ಲಗೆ ಕೇಳಿದಳು.

“ಕೆಡವೋ ಕಡೆನೇ. ಅದನ್ನ ನೋಡಿದ್ರೆ ನಂಗೆ ಈಗ್ಲೂ ಅವಳು ಬಿದ್ದ ಸದ್ದೇ ಕೇಳ್ಸುತ್ತೆ. ಆದ್ರೆ ನನ್ನ ಮಗಳನ್ನ ಮಾತು ಕೇಳದೋಳು ಅಂತ ಇನ್ಮೇಲೆ ಯಾರೂ ಅನ್ಬೇಡಿ.”

ಕೈ ಎತ್ತುವಾಗ ಅವಳು ಕೆಡವುವುದಕ್ಕೇ ಎತ್ತಿದಳು. ಎಬೆರ್ತೊ ಎರಡೂ ಕಡೆಗೆ ಎತ್ತಲಿಲ್ಲ. ನಾಲ್ಕು ಕೈಗಳ ಅಂತರದಲ್ಲಿ ಗೋದಾಮು ಉಳಿಯಿತು: ಮೊದಲು ನೆರೀಸ್ ಬಿದ್ದಿದ್ದ ಮಹಡಿಯ ಮುರುಕು ಮೊಗಸಾಲೆಯನ್ನು ಇಳಿಸಬೇಕು, ಪಕ್ಕದ ಖಾಲಿ ಜಾಗದಲ್ಲಿ ದೋಣಿಕಟ್ಟೆ ಕೇಳಬೇಕು ಎಂದು ಬರೆದು ಎಲ್ಲರೂ ಸಹಿ ಹಾಕಿದರು.

ಮನೆಯ ದಾರಿಯಲ್ಲಿ ಕಾಸ್ತುಲಾ, “ನೀನ್ಯಾಕೆ ಒಂದಿನಾನೂ ಹೇಳ್ಲಿಲ್ಲ?” ಎಂದು ಕೇಳಿದಳು.

“ದೋಣೀಲಿ ನೀನು ನಡುಗ್ತಾ ಇದ್ದೆ,” ಅಂದಳು ನೆರೀಸ್.

ಶನಿವಾರ ಊರಿನವರೇ ಹಗ್ಗ ಕಟ್ಟಿ ಮೊಗಸಾಲೆಯನ್ನು ಇಳಿಸಿದರು. ಮಧ್ಯಾಹ್ನ ಕಾಸ್ತುಲಾ ಕರಿದ ಮೀನು, ಬೇಯಿಸಿದ ಮರಗೆಣಸು ತುಂಬಿದ ಪಾತ್ರೆ ಹೊತ್ತು ಬಂದು ಗೋದಾಮಿನ ಹೊಸ್ತಿಲ ಆಚೆಯೇ ನಿಂತಳು. ಒಳಗೆ ಇಳಿಸಿಟ್ಟ ತೊಲೆಯೊಂದರ ಮೇಲೆ ನೆರೀಸ್ ಕೂತಿದ್ದಳು. ಸ್ವಲ್ಪ ಸರಿದು, ಪಕ್ಕದ ಜಾಗದ ಧೂಳನ್ನು ಅಂಗೈಯಿಂದ ಒರೆಸಿದಳು. ಹೊರಗೆ ಒಂದು ದೋಣಿ ಹಾದುಹೋಯಿತು. ಅದರ ಅಲೆ ಬಂದು ಮೆಟ್ಟಿಲಿಗೆ ಬಡಿದು, ಇನ್ನೊಮ್ಮೆ ಬಡಿದು, ಹಿಂದೆ ಸರಿಯಿತು. ಕಾಸ್ತುಲಾ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಳು.