ಹ್ಯಾಂಡ್‌ಬ್ರೇಕು ಹಿಡಿದ ಮೇಲೆ

"ಎಣ್ಣೆ ಕುಡ್ದ್‌ಬುಟ್ಟದೆ ಸಾ ಇದು!" ಜೀಪಿನ ಅಡಿಯಿಂದ ಮೆಕ್ಯಾನಿಕ್ ಮಾದೇಶನ ದನಿ ಬಂತು. ಅವನ ಎರಡು ಕಾಲು ಮಾತ್ರ ಹೊರಗಿದ್ದವು. "ಗೇರ್ ಡಬ್ಬದ ಆಯ್ಲು ಸೋರಿ ಸೋರಿ ಬ್ರೇಕ್ ಲೈನಿಂಗೆಲ್ಲ ನೆಂದೋಗದೆ. ಇಂಗಿದ್ರೆ ಇನ್ನೆಲ್ಲಿ ಇಡ್ಕಂಡದು?"

ಬೆಟ್ಟಯ್ಯ ಪಂಚೆ ಎತ್ತಿ ಕಟ್ಟಿ, ಕುಕ್ಕರಗಾಲಲ್ಲಿ ಕೂತು ಬಗ್ಗಿ ನೋಡಿದ. ಈ ಹಳೇ ಫೋರ್‌ವೀಲ್ ಜೀಪಿನ ಹ್ಯಾಂಡ್‌ಬ್ರೇಕು ಹಿಡಿಯುವುದು ಹಿಂದಕ್ಕೆ ಹೋಗುವ ದಪ್ಪ ಶಾಫ್ಟನ್ನು, ಗಾಲಿಗೂ ಅದಕ್ಕೂ ನೇರ ಸಂಬಂಧವೇ ಇಲ್ಲ ಎಂಬ ಸಂಗತಿ, ಹದಿನಾಲ್ಕು ವರ್ಷ ಗಾಡಿ ಓಡಿಸಿದ ಮೇಲೆ ಅವನಿಗೆ ಇವತ್ತು ಗೊತ್ತಾಗಿತ್ತು. ಗೊತ್ತಿಲ್ಲದಿದ್ದರೂ ಗೊತ್ತಿದ್ದವನ ಹಾಗೆ ತಲೆಯಾಡಿಸಿದ.

ವರ್ಕ್‌ಶಾಪಿನ ಬಾಗಿಲಲ್ಲಿ, ಮಲಗಿಸಿದ್ದ ಲಾರಿ ಟೈರಿನ ಮೇಲೆ ಅವನ ಹೆಂಡತಿ ಜವರಮ್ಮ ಕೂತಿದ್ದಳು. ತೊಡೆಯ ಮೇಲೆ ಒಂದು ಕಡೆ ಓರೆಯಾಗಿ ಕೆತ್ತಿದ ಜಾಲಿಮರದ ತುಂಡಿತ್ತು. ಹದಿನಾಲ್ಕು ವರ್ಷದಿಂದ ಆ ಜೀಪಿನ ಹ್ಯಾಂಡ್‌ಬ್ರೇಕು ಎಂದರೆ ಅವಳೇ. ಹದಿನಾರು ಎಂಬ ತಮ್ಮ ಊರಿನ ತೋಟದಿಂದ ಬಾಳೆ ಎಲೆಯ ಕಟ್ಟುಗಳನ್ನು ಹೇರಿಕೊಂಡು ಸೋಮವಾರ ನಂಜನಗೂಡಿನ ಮೆಸ್ಸುಗಳಿಗೆ, ಗುರುವಾರ ತಿ. ನರಸೀಪುರದ ಛತ್ರಗಳಿಗೆ ಇಬ್ಬರೂ ಹೋಗುತ್ತಿದ್ದರು. ಏರಿನಲ್ಲಿ ನಿಲ್ಲಿಸಬೇಕಾದಲ್ಲಿ ಬೆಟ್ಟಯ್ಯ ಕಾಲ್‌ಬ್ರೇಕು ತುಳಿದು ಹಿಡಿಯುತ್ತಿದ್ದ. ಜವರಮ್ಮ ಧುಮುಕಿ, ಹಿಂದಿನ ಗಾಲಿಗೆ ತುಂಡು ಕೊಟ್ಟು, "ಊಂ, ಬುಡಿ" ಎನ್ನುತ್ತಿದ್ದಳು. ಅವಳು ಹೇಳದೆ ಅವನು ಕಾಲೆತ್ತಿದ್ದು ಒಂದೇ ಸಲ, ಹೋದ ಗುರುವಾರ.

ಅವತ್ತು ನರಸೀಪುರದ ಛತ್ರದ ಮುಂದೆ ಜೀಪು ಹಿಂದಕ್ಕೆ ಜಾರಿ, ಜವರಮ್ಮ ಬಿದ್ದು ಮಂಡಿ ತರಚಿಕೊಂಡಳು. ಅಂಥ ದೊಡ್ಡ ಗಾಯವೇನಲ್ಲ. ಆದರೆ ಛತ್ರದ ಮೇನೇಜರ್ ಪುಟ್ಟಬಸವಯ್ಯ ಅಡುಗೆಯವರೆಲ್ಲ ಕೇಳುವಂತೆ ಹೇಳಿಬಿಟ್ಟ: "ಏನಯ್ಯಾ ಬೆಟ್ಟಯ್ಯ, ಎಂಡ್ರುನ ಗಾಲಿ ಕೆಳಕ್ಕಾಕಿ ಎಲೆ ಮಾರ್ತಿಯಲ್ಲಯ್ಯಾ!" ಬೆಟ್ಟಯ್ಯನ ಮುಖ ಕಪ್ಪಿಟ್ಟಿತು. ಆ ಮಾತು ನಾಲ್ಕು ದಿನ ಅವನನ್ನು ಚುಚ್ಚುತ್ತಲೇ ಇತ್ತು, ಇವತ್ತು ಸೋಮವಾರ ನಂಜನಗೂಡಿನಲ್ಲಿ ಎಲೆ ಇಳಿಸಿದವನೇ ಸೀದಾ ಇಲ್ಲಿಗೆ ಬಂದಿದ್ದ.

"ಆಯ್ಲ್ ಸೀಲು, ಲೈನಿಂಗು ತಂದ್ಬುಡಿ ಸಾ. ರೈಲ್ವೆ ಸ್ಟೇಷನ್ ರಸ್ತೇಲಿ ಸಿಕ್ತದೆ," ಎಂದ ಮಾದೇಶ. ಬೆಟ್ಟಯ್ಯ ಹೊರಟ. ಅವನು ಮರೆಯಾಗುವವರೆಗೆ ಕಾದು ಜವರಮ್ಮ ಕೇಳಿದಳು:

"ಸಿಕ್ಕದೇ ಓದ್ರೆ ಏನ್ ಮಾಡಿಯಪ್ಪಾ?"

"ಸಿಕ್ಕದೆ ಏನವ್ವ? ಇಂಥ ಜೀಪು ಇನ್ನೂ ಬೇಕಾದಷ್ಟವೆ."

"ಅಲ್ಲಾ... ಸರಿ ಮಾಡುದ್ರೂ ತಿರ್ಗಾ ಆಯ್ಲು ಸೋರಾಕಿಲ್ವಾ?"

ಮಾದೇಶ ಕೈ ಒರೆಸಿಕೊಳ್ಳುತ್ತ ಎದ್ದು ಬಂದ. ಹೆಂಗಸಿಗೆ ಭಯ ಎಂದುಕೊಂಡ, ಪಾಪ. "ನೀವು ಎದ್ರುಕಬ್ಯಾಡಿ ಕನವ್ವ. ನಾನು ಆಕಿದ್ ಸೀಲು ಅತ್ತೊರ್ಷ ಅಲ್ಲಾಡಾಕಿಲ್ಲ. ನೀವಿನ್ನು ಇಳಿಯಂಗೇ ಇಲ್ಲ."

ಹತ್ತು ವರ್ಷ. ಜವರಮ್ಮ ತುಂಡನ್ನು ಈ ತೊಡೆಯಿಂದ ಆ ತೊಡೆಗೆ ಬದಲಾಯಿಸಿಕೊಂಡಳು.

ಬೆಟ್ಟಯ್ಯ ಕೆಟ್ಟವನಲ್ಲ. ಕುಡಿಯುವವನಲ್ಲ, ಕೈ ಎತ್ತಿದವನಲ್ಲ. ಆದರೆ ಮನೆಯೊಳಗೆ ಅವನ ಬಾಯಿಗೆ ಬೀಗ. "ಉಪ್ಪು", "ನೀರು", "ಅಸಾ ಕಟ್ದಾ?" ಇಷ್ಟರಲ್ಲಿ ದಿನ ಮುಗಿಯುತ್ತಿತ್ತು. ಜವರಮ್ಮ ಟಿ.ವಿ.ಯವರ ಜಗಳಕ್ಕೆ ಒಬ್ಬಳೇ ಉತ್ತರ ಕೊಟ್ಟುಕೊಂಡು ಮುದ್ದೆ ತೊಳಸುತ್ತಿದ್ದಳು. ಅದೇ ಮನುಷ್ಯ ಜೀಪಿನಲ್ಲಿ ಕೂತು, ಕೈ ಸ್ಟೀರಿಂಗ್ ಮೇಲೆ, ಕಣ್ಣು ರಸ್ತೆಯ ಮೇಲೆ ಆದರೆ ಸಾಕು, ಮಾತಿಗೆ ತಡೆಯೇ ಇರಲಿಲ್ಲ. ಹೆಂಡತಿಯ ಮುಖ ನೋಡಬೇಕಾದ ಕಷ್ಟ ಇರಲಿಲ್ಲವಲ್ಲ, ಅದಕ್ಕೇ ಇರಬೇಕು. ಚಿಕ್ಕಂದಿನಲ್ಲಿ ಕಪಿಲೆಯಲ್ಲಿ ಮುಳುಗಿ ಸಾಯುವಂತಾಗಿದ್ದು, ಅಪ್ಪ ಸತ್ತಾಗ ಅಳು ಬಾರದೆ ನಾಚಿಕೆಯಾಗಿದ್ದು, ಅವಳ ಹೊಟ್ಟೆ ಆಪರೇಷನ್ನಿನ ದಿನ ಆಸ್ಪತ್ರೆಯ ಹಿಂದೆ ಹೋಗಿ ಕೈಮುಗಿದು ನಿಂತದ್ದು, ಎಲ್ಲವನ್ನೂ ಅವಳು ಕೇಳಿದ್ದು ಆ ಹರಿದ ಸೀಟಿನ ಮೇಲೆ ಕೂತೇ. ಅವಳಿಗೆ ಗಂಡ ಅಂತ ಇದ್ದದ್ದು ವಾರಕ್ಕೆ ಎರಡು ದಿನ. ಮಂಡಿ ನೋವೇನು ಮಹಾ!

ಸಾಮಾನು ಸಿಕ್ಕಿತು. ಒಂದೂವರೆ ಗಂಟೆಯಲ್ಲಿ ಕೆಲಸವೂ ಆಯಿತು. ಸೇತುವೆ ಕಡೆಯ ಏರಿನಲ್ಲಿ ನಿಲ್ಲಿಸಿ ನೋಡೋಣವೆಂದು ಮೂವರೂ ಹೊರಟರು. ಬೆಟ್ಟಯ್ಯ ಜೀಪು ನಿಲ್ಲಿಸಿ, ಲಿವರ್ ಎಳೆದು, ಕಾಲು ಮೆಲ್ಲಗೆ ಮೇಲೆತ್ತಿದ. ಜೀಪು ಒಂದು ಗೇಣು ಹಿಂದಕ್ಕೆ ತೂಗಿ, ಅಲ್ಲೇ ಕಚ್ಚಿಕೊಂಡಿತು.

"ನೋಡಮ್ಮಿ! ಎಂಗ್ ನಿಂತದೆ!" ಬೆಟ್ಟಯ್ಯ ಎಳೇ ಹುಡುಗನ ಹಾಗೆ ನಕ್ಕು ಪಕ್ಕಕ್ಕೆ ತಿರುಗಿದ. ಪಕ್ಕದಲ್ಲಿ ಅವಳಿರಲಿಲ್ಲ. ಆಗಲೇ ಇಳಿದು ಗಾಲಿಯ ಹಿಂದೆ ಬಗ್ಗಿದ್ದಳು.

"ಅವ್ವಾ, ಅದನ್ನಿನ್ನು ಒಲೆಗಾಕಿ!" ಎಂದು ಮಾದೇಶ ನಕ್ಕ. ಅವಳೂ ನಕ್ಕಳು.

ಊರಿಗೆ ಬರುವಾಗ ಬೆಟ್ಟಯ್ಯ ದಾರಿಯುದ್ದಕ್ಕೂ ಮಾತಾಡಿದ. "ಎಂದೋ ಮಾಡ್ಸಬೇಕಿತ್ತು ಕನಮ್ಮಿ. ನಂದೇ ತಪ್ಪು. ಇನ್ ನೀ ಅಲೆಯಂಗಿಲ್ಲ, ಮನೇಲಿ ಆರಾಮಾಗಿರು." ಅವನ ದನಿಯಲ್ಲಿ ಅಷ್ಟು ಪ್ರೀತಿ ಅವಳು ಎಂದೂ ಕೇಳಿರಲಿಲ್ಲ. ಆ ದನಿಗೆ ಎದುರಾಡುವುದು ಹೇಗೆ? ಮದುವೆಯಾದ ಮೂವತ್ತೊಂದು ವರ್ಷದಲ್ಲಿ ನಿಮ್ಮ ಜೊತೆ ಬರುತ್ತೇನೆ ಎಂದು ಕೇಳಿದವಳಲ್ಲ, ಕೇಳುವ ಪ್ರಮೇಯವೇ ಬಂದಿರಲಿಲ್ಲ. ಈಗ ಕೇಳಿದರೆ, ಯಾಕೆ ಎಂದಾನು. ಯಾಕೆ ಎಂದರೆ ಏನು ಹೇಳುವುದು? ದಾರಿ ಮುಗಿಯದಿರಲಿ ಎಂದುಕೊಳ್ಳುವಷ್ಟರಲ್ಲಿ ಹದಿನಾರು ಬಂತು.

ಗುರುವಾರ ಬೆಳಿಗ್ಗೆ ಅವಳು ಬೇಗ ಎದ್ದು, ಹಸು ಕರೆದು, ಕಾಯಿ ಬಣ್ಣದ ಸೀರೆ ಉಟ್ಟಳು. ಬೆಟ್ಟಯ್ಯ ಎಲೆ ಕಟ್ಟುಗಳ ಮೇಲೆ ಗೋಣಿ ಹೊದಿಸಿ ಬರುವಷ್ಟರಲ್ಲಿ ಜೀಪಿನ ಪಕ್ಕ ನಿಂತಿದ್ದಳು.

"ಎಲ್ಲಿಗಮ್ಮಿ?"

"ನರಸೀಪುರಕ್ಕೆ ಬತ್ತೀನಿ ಕನಿ."

"ನೀ ಯಾಕೆ ಬಂದಿಯೆ ಈಗ?"

ಮೂರು ರಾತ್ರಿ ಕೂಡಿಸಿಟ್ಟುಕೊಂಡಿದ್ದ ಮಾತೆಲ್ಲ ಅಲ್ಲೇ ಕೈಕೊಟ್ಟಿತು. "ಬಳೆ ತೊಟ್ಕಬೇಕು," ಎಂದಳು. ಬಾಯಿಗೆ ಬಂದದ್ದು ಅದೊಂದೇ.

"ಅಷ್ಟಕ್ಕೆ ಆ ಮಂಡಿ ಎಳ್ಕಂಡು ಬಂದಿಯಾ? ಅಳ್ತೆಗೆ ಒಂದು ಕೊಡು, ನಾನೇ ತತ್ತೀನಿ." ಬೆಟ್ಟಯ್ಯ ಕೈ ಚಾಚಿದ. ಹೆಂಡತಿಗೆ ಬಳೆ ತರುವೆನೆಂದು ಅವನು ಹೇಳಿದ್ದು ಹುಟ್ಟಿದಮೇಲೆ ಇದೇ ಮೊದಲು. ಮುಖದಲ್ಲಿ ಖುಷಿಯಿತ್ತು.

ಜವರಮ್ಮ ಎಡಗೈಯ ಬೆರಳುಗಳನ್ನು ಕೂಡಿಸಿ ಹಿಡಿದು, ಒಂದು ಬಳೆಯನ್ನು ಹಿಂಡಿ ಹಿಂಡಿ ಎಳೆದಳು. ಕೆಲಸ ಮಾಡಿ ಗಿಣ್ಣು ದಪ್ಪಗಾಗಿದ್ದವು. ಚರ್ಮ ಕೆಂಪಾಯಿತು. ಬಳೆ ಒಡೆಯಲಿಲ್ಲ, ಬಂತು.

"ಯಾವ್ ಬಣ್ಣ?"

"ಯಾವ್ದಾದ್ರೂ ಸರಿ."

ಬೆಟ್ಟಯ್ಯ ಅದನ್ನು ಕಿಸೆಗೆ ಹಾಕಹೋದವನು, ಗಾಜಲ್ಲವೇ, ಒಡೆದೀತು ಎಂದು ಕರ್ಚೀಫಿನಲ್ಲಿ ಮೆತ್ತಗೆ ಸುತ್ತಿದ. ಅವಳು ಕೂರುತ್ತಿದ್ದ ಎಡಗಡೆಯ ಸೀಟಿನ ಧೂಳು ಕೊಡವಿ, ಗಂಟನ್ನು ಅದರ ನಡುವೆ ಇಟ್ಟ. ಆಮೇಲೆ ಲಿವರ್ ಇಳಿಸಿ ಹೊರಟ.